ಗಣಿತದಿಂದ ಸಂಗೀತ ಕಟ್ಟಲು ಯಾವ ಸಾಫ್ಟ್‌ವೇರ್? ಪೈಥಾನ್, ಸಿಸೌಂಡ್, ಸೂಪರ್‌ಕೊಲೈಡರ್, ಪ್ಯೂರ್ ಡೇಟಾ, ಸೋನಿಕ್ ಪೈ: ಒಂದು ಹೋಲಿಕೆ

ಪ್ರಯೋಗಶೀಲ ಸಂಗೀತಕ್ಕೆ ಕೈಹಾಕುವವರ ಮುಂದೆ ಹತ್ತಾರು ಸಾಫ್ಟ್‌ವೇರ್ ಹೆಸರುಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಹೆಚ್ಚಿನವು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ, ಎಲ್ಲದರಲ್ಲೂ ಒಳ್ಳೆಯ ಕೃತಿಗಳು ಹುಟ್ಟಿವೆ. ಹಾಗಾಗಿ ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ನಿಮ್ಮ ಗಣಿತದಿಂದ ಹೊರಗೆ ಬರುವುದು ಏನು? ಸ್ವರಗಳ ಪಟ್ಟಿಯೋ, ನಾದದ ಅಲೆಯೋ, ನುಡಿಸುತ್ತಿರುವಾಗಲೇ ಬದಲಾಯಿಸಬೇಕಾದ ಲಯವೋ? ಇದು ತೀರ್ಮಾನವಾದರೆ ಆಯ್ಕೆ ಎರಡು ಮೂರು ಹೆಸರುಗಳಿಗೆ ಇಳಿಯುತ್ತದೆ.

ಈ ಭೇದ ಕಂಪ್ಯೂಟರ್ ಸಂಗೀತದ ಹುಟ್ಟಿನಿಂದಲೇ ಇದೆ. 1950ರ ದಶಕದ ನಡುವೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲ್ಲರ್ ಮತ್ತು ಲೆನರ್ಡ್ ಐಸಾಕ್ಸನ್ ಅವರು ಇಲಿಯಾಕ್ ಕಂಪ್ಯೂಟರಿನಿಂದ ನಾಲ್ಕು ತಂತಿವಾದ್ಯಗಳ ಮೇಳಕ್ಕೆ ಸಂಗೀತ ಬರೆಸಿದರು. ಯಂತ್ರ ಕೊಟ್ಟದ್ದು ಬರೀ ಅಂಕಿಗಳನ್ನು. ಅವನ್ನು ಸ್ವರಲಿಪಿಗೆ ಇಳಿಸಿಕೊಂಡು ನುಡಿಸಿದವರು ಮನುಷ್ಯರು. 1957ರಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಮ್ಯೂಸಿಕ್ ಎಂಬ ಪ್ರೋಗ್ರಾಂ ಇನ್ನೊಂದು ದಾರಿ ಹಿಡಿದು ನಾದದ ಅಲೆಯನ್ನೇ ಲೆಕ್ಕಹಾಕಿತು. ಇಯಾನಿಸ್ ಕ್ಸೆನಾಕಿಸ್ ಎರಡೂ ದಾರಿ ತುಳಿದವರು. 1962ರಲ್ಲಿ ಐಬಿಎಂ 7090 ಯಂತ್ರದಲ್ಲಿ ಸಂಭವನೀಯತೆಯ ಸೂತ್ರಗಳಿಂದ ವಾದ್ಯವೃಂದಕ್ಕೆ ಸ್ವರ ಬರೆಸಿದರು. ಸುಮಾರು ಮೂವತ್ತು ವರ್ಷದ ನಂತರ ಜೆಂಡಿನ್ ಎಂಬ ತಮ್ಮ ಪ್ರೋಗ್ರಾಮಿನಲ್ಲಿ ಅಲೆಯ ಒಂದೊಂದು ಬಿಂದುವನ್ನೂ ರ‍್ಯಾಂಡಮ್ ನಡಿಗೆಗೆ ಬಿಟ್ಟರು. ಅಲ್ಲಿ ಸ್ವರಲಿಪಿಯೂ ಇಲ್ಲ, ವಾದ್ಯವೂ ಇಲ್ಲ. ಈ ಎರಡು ಕೆಲಸಕ್ಕೆ ಒಂದೇ ಉಪಕರಣ ಹೊಂದುವುದು ಕಷ್ಟ.

ಸ್ವರಪಟ್ಟಿ ಸಾಕು ಅನ್ನುವವರಿಗೆ ಪೈಥಾನ್

ಮಾರ್ಕೊವ್ ಸರಪಳಿ (ಹಿಂದಿನ ಸ್ವರ ನೋಡಿ ಮುಂದಿನದನ್ನು ಸಂಭವನೀಯತೆಯಿಂದ ಆರಿಸುವುದು), ಪ್ರಸ್ತಾರ, ಕ್ರಮಯೋಜನೆ, ಅವಿಭಾಜ್ಯ ಸಂಖ್ಯೆಗಳ ಜರಡಿ, ಮ್ಯಾಟ್ರಿಕ್ಸ್ ತಿರುಗಿಸುವುದು ಇವೆಲ್ಲದರ ಫಲ ಕೊನೆಗೆ ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂಬ ಪಟ್ಟಿ. ಇದನ್ನು ವಾದಕರ ಕೈಗೆ ಕೊಡುವುದಾದರೆ, ಅಥವಾ ನಿಮ್ಮಲ್ಲಿ ಈಗಾಗಲೇ ಇರುವ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಎಳೆದುಕೊಳ್ಳುವುದಾದರೆ ಪೈಥಾನ್ ಸಾಕು. ಬೇರೇನನ್ನೂ ಕಲಿಯುವ ಅಗತ್ಯವಿಲ್ಲ. ಮಿಡಿ ಫೈಲ್ (ನಾದವಿಲ್ಲದೆ ಸ್ವರಗಳ ಪಟ್ಟಿಯಷ್ಟೇ ಇರುವ ಫೈಲ್) ಬರೆಯಲು ಮಿಡೋ ಎಂಬ ಲೈಬ್ರರಿ ಇದೆ. ಸ್ವರಲಿಪಿ ಬೇಕಿದ್ದರೆ ಮ್ಯೂಸಿಕ್21 ಬಳಸಿ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್ ಮಾಡಿ, ಮ್ಯೂಸ್‌ಸ್ಕೋರ್‌ನಲ್ಲಿ ತೆರೆಯಬಹುದು. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಸ್ವರ, ಗತಿ, ಆವರ್ತ ಎಂದು ಬರೆದುಕೊಂಡರೆ ಆರು ತಿಂಗಳ ನಂತರ ತೆರೆದರೂ ಅರ್ಥವಾಗುತ್ತದೆ.

ಮಿಡೋದಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು, ಪ್ರತಿ ಸಂದೇಶದ ಟೈಮ್ ಎಂಬ ಬೆಲೆ ಹಾಡಿನ ಆರಂಭದಿಂದ ಎಣಿಸಿದ ಕಾಲವಲ್ಲ, ಹಿಂದಿನ ಸಂದೇಶದಿಂದ ಕಳೆದ ಟಿಕ್‌ಗಳು. ಆರಂಭದಿಂದ ಎಣಿಸಿ ಹಾಕಿದರೆ ಸ್ವರಗಳ ನಡುವಿನ ಅಂತರ ಹಿಗ್ಗುತ್ತಾ ಹೋಗಿ ಒಂದು ನಿಮಿಷದ ಕೃತಿ ಮುಗಿಯುವುದೇ ಇಲ್ಲ. ಎರಡನೆಯದು ಸೂಕ್ಷ್ಮವಾದದ್ದು, ಕರ್ನಾಟಕ ಸಂಗೀತದ ಗತಿಗಳನ್ನು ಬಳಸುವವರಿಗೆ ಖಂಡಿತ ಎದುರಾಗುವಂಥದ್ದು. ಮಿಡೋ ಒಂದು ಬೀಟ್‌ಗೆ 480 ಟಿಕ್ ಇಟ್ಟುಕೊಳ್ಳುತ್ತದೆ. ಬೀಟನ್ನು 4 ಭಾಗ ಮಾಡುವ ಚತುರಶ್ರಕ್ಕೆ 120, 3 ಭಾಗದ ತಿಶ್ರಕ್ಕೆ 160, 5 ಭಾಗದ ಖಂಡಕ್ಕೆ 96, ಎಲ್ಲ ಪೂರ್ಣಾಂಕ. ಮಿಶ್ರಕ್ಕೆ ಬಂದಾಗ 480ನ್ನು 7ರಿಂದ ಭಾಗಿಸಿದರೆ 68.57. ಅದನ್ನು 69 ಮಾಡಿಬಿಟ್ಟರೆ ಒಂದು ಬೀಟ್‌ಗೆ 483 ಟಿಕ್ ಆಗುತ್ತದೆ. ಮೂರು ಟಿಕ್ ಹೆಚ್ಚಾದದ್ದು ಕಿವಿಗೆ ತಿಳಿಯದು. ಆದರೆ 64 ಬೀಟ್ ಕಳೆಯುವಷ್ಟರಲ್ಲಿ 192 ಟಿಕ್, ಅಂದರೆ ಹೆಚ್ಚುಕಡಿಮೆ ಅರ್ಧ ಬೀಟ್ ಹಿಂದೆ ಬಿದ್ದಿರುತ್ತದೆ. ಜೊತೆಯಲ್ಲಿ ಚತುರಶ್ರದ ಇನ್ನೊಂದು ಸಾಲು ಓಡುತ್ತಿದ್ದರೆ ಎರಡೂ ಸೇರುವುದಿಲ್ಲ.

ಪರಿಹಾರ ಸರಳ. ಫೈಲ್ ಮಾಡುವಾಗಲೇ ಒಂದು ಬೀಟ್‌ಗೆ 840 ಟಿಕ್ ಎಂದು ಹೇಳಿ. 840 ಎಂದರೆ 8 × 3 × 5 × 7. ತಿಶ್ರ, ಚತುರಶ್ರ, ಖಂಡ, ಮಿಶ್ರ ನಾಲ್ಕೂ ಶೇಷವಿಲ್ಲದೆ ಭಾಗವಾಗುತ್ತವೆ. ಸಂಕೀರ್ಣದ 9 ಕೂಡ ಬೇಕಿದ್ದರೆ 2520 ಇಡಿ. ಫೈಲಿನ ಮಿತಿ 32767 ಆದ್ದರಿಂದ ಇನ್ನೂ ಬೇಕಾದಷ್ಟು ಜಾಗವಿದೆ. 11 ಅಥವಾ 13ರ ಗತಿ ಬಂದರೆ ಮೊದಲು ಪ್ರತಿ ಸ್ವರದ ಸ್ಥಾನವನ್ನು ಆರಂಭದಿಂದ ಲೆಕ್ಕಹಾಕಿ, ಆಮೇಲೆ ಪೂರ್ಣಾಂಕ ಮಾಡಿ, ಕೊನೆಗೆ ವ್ಯತ್ಯಾಸ ತೆಗೆಯಿರಿ. ಆಗ ದೋಷ ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ.

ಮಾರ್ಕೊವ್ ಸರಪಳಿ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಏಳು ಸ್ವರಗಳ ಮೊದಲ ದರ್ಜೆಯ (ಹಿಂದಿನ ಒಂದೇ ಸ್ವರ ನೋಡುವ) ಕೋಷ್ಟಕದಲ್ಲಿ 49 ಮನೆ, ಹಿಂದಿನ ಎರಡು ಸ್ವರ ನೋಡುವ ಎರಡನೇ ದರ್ಜೆಯಲ್ಲಿ 343. ಆಧಾರವಾಗಿ ಕೊಟ್ಟ ಸಂಗೀತ ನೂರಿನ್ನೂರು ಸ್ವರದ್ದಾದರೆ ಎರಡನೇ ದರ್ಜೆಯಲ್ಲಿ ಹೆಚ್ಚಿನ ಮನೆಗಳು ಖಾಲಿ ಉಳಿಯುತ್ತವೆ, ಪ್ರೋಗ್ರಾಂ ಮೂಲವನ್ನೇ ತುಂಡು ತುಂಡಾಗಿ ಒಪ್ಪಿಸುತ್ತದೆ. ಮೂಲದ ಕೊನೆಯ ಸ್ವರ ಬೇರೆಲ್ಲೂ ಬಾರದಿದ್ದರೆ ಅಲ್ಲಿಂದ ಮುಂದೆ ಹೋಗಲು ದಾರಿಯೇ ಇರುವುದಿಲ್ಲ. ಕೊನೆಯ ಸ್ವರದಿಂದ ಮೊದಲ ಸ್ವರಕ್ಕೆ ಒಂದು ಕೊಂಡಿ ಹಾಕಿಟ್ಟರೆ ಆಯಿತು.

ಪೈಥಾನ್ ದಾರಿ ನಿಲ್ಲುವುದು ಶ್ರುತಿಯ ಪ್ರಶ್ನೆ ಬಂದಾಗ. ಷಡ್ಜಕ್ಕೆ 5/4 ಅನುಪಾತದ ಅಂತರ ಗಾಂಧಾರ 386 ಸೆಂಟ್ (ಅಷ್ಟಕದ 1200ರಲ್ಲಿ ಒಂದು ಪಾಲು ಒಂದು ಸೆಂಟ್). ಮಿಡಿ ಕೀಲಿಯ ಗಾಂಧಾರ 400. ಈ 14 ಸೆಂಟ್ ವ್ಯತ್ಯಾಸ ತಂಬೂರಿ ಕೇಳಿ ಬೆಳೆದ ಕಿವಿಗೆ ಚುಚ್ಚುತ್ತದೆ. ಸ್ವರವನ್ನು ಜಾರಿಸುವ ಮಿಡಿಯ ಪಿಚ್ ಬೆಂಡ್‌ನಲ್ಲಿ 16384 ಹೆಜ್ಜೆಗಳಿವೆ, ನಿಖರತೆಗೆ ಕೊರತೆಯಿಲ್ಲ. ಆದರೆ ಅದು ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ. ಒಂದೇ ಚಾನೆಲ್‌ನಲ್ಲಿ ಎರಡು ಸ್ವರ ಹಿಡಿದು ಒಂದನ್ನು ಮಾತ್ರ ಜಾರಿಸಲು ಆಗದು. ಪ್ರತಿ ಸಾಲಿಗೂ ಬೇರೆ ಚಾನೆಲ್ ಕೊಟ್ಟು ನಿಭಾಯಿಸಬಹುದು, ಇರುವುದು 16. ಗಮಕ, ಜಾರು, ಅನುಪಾತದ ಶ್ರುತಿಗಳೇ ನಿಮ್ಮ ಗಣಿತದ ವಿಷಯವಾಗಿದ್ದರೆ ಮಿಡಿಯನ್ನು ಬಿಟ್ಟು ನೇರವಾಗಿ ಹರ್ಟ್ಜ್‌ನಲ್ಲಿ ಮಾತಾಡುವ ಸಾಫ್ಟ್‌ವೇರ್‌ಗೆ ಹೋಗುವುದು ಮೇಲು. ಷಡ್ಜ 240 ಹರ್ಟ್ಜ್ ಇದ್ದರೆ ಗಾಂಧಾರ 300 ಎಂದು ಬರೆದರೆ ಮುಗಿಯಿತು.

ಒಂದೇ ಸಮೀಕರಣ, ಮೂರು ಕಡೆ

ಉಪಕರಣಗಳ ಸ್ವಭಾವ ತಿಳಿಯಲು ಒಂದು ಚಿಕ್ಕ ಲೆಕ್ಕವನ್ನು ಎಲ್ಲದರಲ್ಲೂ ಓಡಿಸಿ ನೋಡುವುದು ಒಳ್ಳೆಯದು. ಅದಕ್ಕೆ ಲಾಜಿಸ್ಟಿಕ್ ಸಮೀಕರಣ ಹೇಳಿಮಾಡಿಸಿದಂತಿದೆ: ಹೊಸ ಬೆಲೆ = ಗುಣಕ × ಹಳೆ ಬೆಲೆ × (1 − ಹಳೆ ಬೆಲೆ). ಬೆಲೆ ಸದಾ 0 ಮತ್ತು 1ರ ನಡುವೆ ಇರುತ್ತದೆ. ಗುಣಕ 3.2 ಇದ್ದಾಗ ಅದು 0.513 ಮತ್ತು 0.799ರ ನಡುವೆ ಎರಡು ಸ್ವರದ ಆಟಕ್ಕೆ ನಿಲ್ಲುತ್ತದೆ. 3.5ಕ್ಕೆ ನಾಲ್ಕು ಸ್ವರದ ಚಕ್ರ. 3.57 ದಾಟಿದ ಮೇಲೆ ಅಸ್ತವ್ಯಸ್ತ, ಆದರೆ 3.83ರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಮೂರು ಸ್ವರದ ಚಕ್ರ ತೆರೆದುಕೊಳ್ಳುತ್ತದೆ. ಗುಣಕವೊಂದನ್ನೇ ನಿಧಾನವಾಗಿ ಏರಿಸುತ್ತಾ ಹೋದರೆ ಇಡೀ ಕೃತಿಗೆ ಆಗುವಷ್ಟು ಏರಿಳಿತ ಸಿಗುತ್ತದೆ.

ಇಲ್ಲಿ ಎಡವುವ ಜಾಗ ಎರಡಿವೆ. ಗುಣಕ 4 ಇಟ್ಟು 0.5ರಿಂದ ಶುರುಮಾಡಿದರೆ ಮುಂದಿನ ಬೆಲೆ 1, ಅದರ ಮುಂದೆ 0, ಆಮೇಲೆ ಕೊನೆಯವರೆಗೂ 0. ಒಂದೇ ಸ್ವರ ಬಡಿಯುತ್ತಿರುತ್ತದೆ. 0.3ರಂಥ ಬೆಲೆಯಿಂದ ಹೊರಡಿ. ಇನ್ನೊಂದು, ಗುಣಕ 3.7 ಇದ್ದಾಗ ಬೆಲೆಗಳು 0.257ರಿಂದ 0.925ರೊಳಗೆ ಮಾತ್ರ ಓಡಾಡುತ್ತವೆ. ಎಂಟರಿಂದ ಗುಣಿಸಿ ಪೂರ್ಣಾಂಕ ತೆಗೆದರೆ 2ರಿಂದ 7 ಬರುತ್ತದೆ. ಷಡ್ಜಕ್ಕೆ 0, ರಿಷಭಕ್ಕೆ 1 ಎಂದಿಟ್ಟಿದ್ದರೆ ಅವೆರಡೂ ಒಮ್ಮೆಯೂ ಕೇಳುವುದಿಲ್ಲ, ಕೋಡ್‌ನಲ್ಲಿ ತಪ್ಪೂ ಕಾಣುವುದಿಲ್ಲ. ಕನಿಷ್ಠ ಗರಿಷ್ಠವನ್ನು ಮೊದಲು ಅಳೆದು, ಆ ವ್ಯಾಪ್ತಿಯನ್ನು ಸ್ವರಗಳಿಗೆ ಹಂಚಬೇಕು.

ಪ್ಯೂರ್ ಡೇಟಾದಲ್ಲಿ ಇದನ್ನು ಪೆಟ್ಟಿಗೆಗಳಿಗೆ ತಂತಿ ಎಳೆದು ಮಾಡುತ್ತೀರಿ. 250 ಮಿಲಿಸೆಕೆಂಡಿಗೊಮ್ಮೆ ಬಡಿಯುವ ಮೆಟ್ರೋ 250 ಪೆಟ್ಟಿಗೆಯಿಂದ, ಬೆಲೆ ಹಿಡಿದಿಡುವ ಎಫ್ 0.3 ಪೆಟ್ಟಿಗೆಯ ಎಡಗಿಂಡಿಗೆ ಒಂದು ತಂತಿ. ಅಲ್ಲಿಂದ ಸಮೀಕರಣ ಬರೆದ ಎಕ್ಸ್‌ಪ್ರ್ ಪೆಟ್ಟಿಗೆಗೆ. ಅದರ ಫಲವನ್ನು ಎರಡು ಕಡೆ ಕಳಿಸಬೇಕು: ಒಂದು ತಂತಿ ಸ್ವರವಾಗಲು ಕೆಳಗೆ, ಬೆಲೆಯನ್ನು ಮಿಡಿ ಸ್ವರಸಂಖ್ಯೆಗೆ ಹಿಗ್ಗಿಸಿ, ಅದನ್ನು ಹರ್ಟ್ಜ್ ಮಾಡುವ ಎಂಟಿಒಎಫ್, ಆಸಿಲೇಟರ್, 0.1ರ ಗುಣಾಕಾರ ದಾಟಿ ಸ್ಪೀಕರಿಗೆ ಕಳಿಸುವ ಡಿಎಸಿಗೆ. ಇನ್ನೊಂದು ತಂತಿ ಹಿಂದಕ್ಕೆ, ಎಫ್ ಪೆಟ್ಟಿಗೆಯ ಬಲಗಿಂಡಿಗೆ. ಬಲಗಿಂಡಿ ಬೆಲೆಯನ್ನು ಇಟ್ಟುಕೊಂಡು ಮೆಟ್ರೋದ ಮುಂದಿನ ಬಡಿತಕ್ಕೆ ಕಾಯುತ್ತದೆ. ಅದೇ ತಂತಿಯನ್ನು ಎಡಗಿಂಡಿಗೆ ಹಾಕಿದರೆ ಬೆಲೆ ಬಂದ ಕ್ಷಣವೇ ಮತ್ತೆ ಹೊರಟು, ಸುತ್ತಿ ಸುತ್ತಿ ಸ್ಟ್ಯಾಕ್ ಓವರ್‌ಫ್ಲೋ ಎಂಬ ಕೆಂಪು ಸಂದೇಶ ಬರುತ್ತದೆ. ಹೊಸಬರ ಪ್ಯಾಚ್‌ಗಳು (ಹೀಗೆ ತಂತಿ ಎಳೆದ ಪ್ರೋಗ್ರಾಂಗಳು) ಕೆಡುವುದಕ್ಕೆ ಈ ಎಡಬಲದ ವ್ಯತ್ಯಾಸವೇ ಬಹುಪಾಲು ಕಾರಣ. ಒಂದು ಪೆಟ್ಟಿಗೆಯಿಂದ ಎರಡು ತಂತಿ ಹೊರಟರೆ ಯಾವುದು ಮೊದಲು ಹೋಗಬೇಕೆಂದು ಟ್ರಿಗರ್ ಪೆಟ್ಟಿಗೆ ಇಟ್ಟು ಹೇಳಿ. ಅದು ಬಲದಿಂದ ಎಡಕ್ಕೆ ಕಳಿಸುತ್ತದೆ.

ಸೂಪರ್‌ಕೊಲೈಡರ್‌ನಲ್ಲಿ ಇದೇ ಕೆಲಸ ನಾಲ್ಕೈದು ಸಾಲು. ಪಿಬೈಂಡ್ ಎಂಬ ಪ್ಯಾಟರ್ನ್‌ಗೆ ಸ್ವರಸ್ಥಾನ ಎಲ್ಲಿಂದ ಬರುತ್ತದೆ, ಅವಧಿ ಎಲ್ಲಿಂದ ಬರುತ್ತದೆ ಎಂದು ಹೇಳಿದರೆ ಸಾಕು. ಅವಧಿಗೂ ಶಬ್ದದ ಬಲಕ್ಕೂ ಬೇರೆ ಬೇರೆ ಸಮೀಕರಣ ಕೊಡುವುದು ಒಂದೊಂದು ಸಾಲಿನ ಸೇರ್ಪಡೆ. ಗಣಿತ ಬಲ್ಲವರನ್ನು ಇಲ್ಲಿ ಬೀಳಿಸುವುದು ಬೇರೆಯೇ ಸಂಗತಿ: ಈ ಭಾಷೆಯಲ್ಲಿ ಗುಣಾಕಾರಕ್ಕೆ ಸಂಕಲನಕ್ಕಿಂತ ಆದ್ಯತೆ ಇಲ್ಲ, ಎಡದಿಂದ ಬಲಕ್ಕೆ ಬಂದಂತೆ ಲೆಕ್ಕ. 60 + 2 × 12 ಎಂದು ಬರೆದರೆ 84 ಬದಲು 744 ಸಿಗುತ್ತದೆ, ಆ ಸ್ವರ ಯಾವ ಸ್ಪೀಕರಿನಲ್ಲೂ ಕೇಳದು. ಎಲ್ಲೆಡೆ ಕಂಸ ಹಾಕಿ.

ಸೋನಿಕ್ ಪೈಯಲ್ಲಿ ಆರಂಭದ ಬೆಲೆಯನ್ನು ಲೈವ್ ಲೂಪ್‌ನ ಹೊರಗೆ ಬರೆದರೆ, ರನ್ ಒತ್ತಿದಾಗಲೆಲ್ಲ ಅದು 0.3ಕ್ಕೆ ಮರಳುತ್ತದೆ. ಲೂಪ್‌ನೊಳಗೆ ಸ್ಲೀಪ್ ಅಥವಾ ಸಿಂಕ್ ಇಲ್ಲದಿದ್ದರೆ ಲೂಪ್ ದೋಷ ತೋರಿಸಿ ನಿಂತುಬಿಡುತ್ತದೆ. ಅಷ್ಟು ಬಿಟ್ಟರೆ ಮೊದಲ ಸ್ವರ ಕೇಳಲು ಇಷ್ಟು ಕಡಿಮೆ ಹೊತ್ತು ತೆಗೆದುಕೊಳ್ಳುವ ಸಾಫ್ಟ್‌ವೇರ್ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಇನ್ನೊಂದು ವ್ಯತ್ಯಾಸ ಒಳಗೆ ಅಡಗಿದೆ. ಸಾಮಾನ್ಯವಾಗಿ ಸಿಗುವ ಪ್ಯೂರ್ ಡೇಟಾ 32 ಬಿಟ್ ದಶಮಾಂಶದಲ್ಲಿ ಲೆಕ್ಕ ಮಾಡುತ್ತದೆ. ಸೂಪರ್‌ಕೊಲೈಡರ್ ಭಾಷೆ, ಪೈಥಾನ್, ಸೋನಿಕ್ ಪೈ 64 ಬಿಟ್‌ನಲ್ಲಿ. ಅಸ್ತವ್ಯಸ್ತ ಸಮೀಕರಣದಲ್ಲಿ ಒಂದೇ ಆರಂಭದಿಂದ ಹೊರಟರೂ ಕೆಲವು ಹತ್ತು ಹೆಜ್ಜೆಗಳ ನಂತರ ಎರಡರ ಸ್ವರಗಳು ಬೇರೆ ಬೇರೆ. ಅದು ದೋಷವಲ್ಲ, ಗಣಿತದ ಗುಣ. 32 ಬಿಟ್‌ನಲ್ಲಿ ಪಥ ಬೇಗ ತನ್ನನ್ನೇ ಪುನರಾವರ್ತಿಸಲು ತೊಡಗುತ್ತದೆ ಎಂಬುದನ್ನು ಮಾತ್ರ ದೀರ್ಘ ಕೃತಿ ಮಾಡುವವರು ನೆನಪಿಡಬೇಕು. ಇದೇ ಕಾರಣಕ್ಕೆ ಪ್ಯೂರ್ ಡೇಟಾದಲ್ಲಿ 1,67,77,216 ದಾಟಿದ ಪೂರ್ಣಾಂಕಗಳು ಸರಿಯಾಗಿ ಉಳಿಯುವುದಿಲ್ಲ. ಸೆಕೆಂಡಿಗೆ 44100 ಸ್ಯಾಂಪಲ್ (ಅಲೆಯ ಬಿಂದು) ದರದಲ್ಲಿ ಅದು ಸುಮಾರು 6 ನಿಮಿಷ 20 ಸೆಕೆಂಡಿನ ಧ್ವನಿ. ಅದಕ್ಕಿಂತ ಉದ್ದದ ರೆಕಾರ್ಡಿಂಗನ್ನು ಟೇಬಲ್‌ನಿಂದ ಸ್ಯಾಂಪಲ್ ಸಂಖ್ಯೆ ಕೊಟ್ಟು ಓದಿಸಿದರೆ ಒರಟು ಗದ್ದಲ ಸೇರಿಕೊಳ್ಳುತ್ತದೆ.

ನಾದವೇ ಗಣಿತವಾದಾಗ

ಸಮೀಕರಣದ ಫಲವನ್ನು ಸ್ವರ ಮಾಡದೆ ನೇರವಾಗಿ ಸ್ಪೀಕರಿಗೆ ಕಳಿಸಬೇಕೆಂದಿದ್ದರೆ, ಅಂದರೆ ಸೆಕೆಂಡಿಗೆ 44100 ಬಾರಿ ಅದೇ ಲೆಕ್ಕ ನಡೆಯಬೇಕೆಂದಿದ್ದರೆ, ಹೋಲಿಕೆ ಪೂರ್ತಿ ತಿರುಗಿಕೊಳ್ಳುತ್ತದೆ. ಈ ಸಾಫ್ಟ್‌ವೇರ್‌ಗಳೆಲ್ಲ ವೇಗಕ್ಕಾಗಿ ಸ್ಯಾಂಪಲ್‌ಗಳನ್ನು ಗುಂಪಿನಲ್ಲಿ ಲೆಕ್ಕಹಾಕುತ್ತವೆ. ಸೂಪರ್‌ಕೊಲೈಡರ್ ಮತ್ತು ಪ್ಯೂರ್ ಡೇಟಾ ಎರಡರಲ್ಲೂ ಗುಂಪು 64ರದ್ದು. ಹಿಂದಿನ ಸ್ಯಾಂಪಲ್ ನೋಡಿ ಮುಂದಿನದನ್ನು ಲೆಕ್ಕಹಾಕುವ ನಿಮ್ಮ ಸಮೀಕರಣಕ್ಕೆ ಹಿಂದಿನದು ಸಿಗುವುದು 64 ಸ್ಯಾಂಪಲ್ ತಡವಾಗಿ, ಸುಮಾರು 1.45 ಮಿಲಿಸೆಕೆಂಡಿನ ನಂತರ. ಪರಿಣಾಮವಾಗಿ ನೀವು ಬಯಸದ, 689 ಹರ್ಟ್ಜ್ ಸುತ್ತಿನ ಒಂದು ಸ್ವರ ನಾದದೊಳಗೆ ನುಸುಳುತ್ತದೆ. 44100ನ್ನು 64ರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಎಷ್ಟೋ ಜನ ಅದನ್ನು ಸಮೀಕರಣದ್ದೇ ದನಿ ಎಂದು ತಿಳಿಯುತ್ತಾರೆ.

ಇಲ್ಲಿ ಸಿಸೌಂಡ್ ಗೆಲ್ಲುತ್ತದೆ. 1986ರಲ್ಲಿ ಎಂಐಟಿಯ ಬ್ಯಾರಿ ವರ್ಕೋ ಬರೆದ, ಮ್ಯಾಥ್ಯೂಸರ ಪ್ರೋಗ್ರಾಮಿನ ನೇರ ವಂಶದ ಈ ಸಾಫ್ಟ್‌ವೇರ್‌ನಲ್ಲಿ ಗುಂಪಿನ ಗಾತ್ರ ಹೇಳುವ ಕೆಎಸ್‌ಎಂಪಿಎಸ್ (ksmps) ಎಂಬ ಬೆಲೆಯನ್ನು 1 ಮಾಡಿದರೆ ಲೆಕ್ಕ ಒಂದೊಂದೇ ಸ್ಯಾಂಪಲ್‌ನದಾಗುತ್ತದೆ. ಪ್ರೊಸೆಸರ್ ಮೇಲಿನ ಹೊರೆ ಹಲವು ಪಟ್ಟು ಏರುತ್ತದೆ ನಿಜ. ಅದಕ್ಕೆ ಇಡೀ ಫೈಲಿಗೆ ಹಾಕದೆ, ಸೆಟ್‌ಕೆಎಸ್‌ಎಂಪಿಎಸ್ ಬಳಸಿ ಬೇಕಾದ ವಾದ್ಯಕ್ಕಷ್ಟೇ ಹಾಕಿ. ನೇರ ನುಡಿಸುವ ಅಗತ್ಯವಿಲ್ಲದಿದ್ದರೆ ಹೊರೆಯ ಚಿಂತೆಯೂ ಬೇಡ: ಫೈಲಿಗೆ ಬರೆಸಿ, ಒಂದು ನಿಮಿಷದ ನಾದಕ್ಕೆ ಐದು ನಿಮಿಷ ಹಿಡಿದರೂ ಕೃತಿಗೆ ನಷ್ಟವಿಲ್ಲ. ಪ್ಯೂರ್ ಡೇಟಾದಲ್ಲೂ ದಾರಿಯಿದೆ. ಉಪಪ್ಯಾಚ್ ಮಾಡಿ ಅದರೊಳಗೆ ಬ್ಲಾಕ್ ಟಿಲ್ಡೆ 1 (block~ 1) ಇಡಬಹುದು, ಅಥವಾ ಎಫ್‌ಎಕ್ಸ್‌ಪ್ರ್ ಟಿಲ್ಡೆ ಪೆಟ್ಟಿಗೆಯಲ್ಲಿ ಸಮೀಕರಣವನ್ನೇ ಬರೆಯಬಹುದು. ಸೂಪರ್‌ಕೊಲೈಡರ್ ಈ ಒಂದು ವಿಷಯದಲ್ಲಿ ಬಿಗಿ. ಲೋಕಲ್‌ಇನ್, ಲೋಕಲ್‌ಔಟ್ ಜೋಡಿ ಒಂದು ಗುಂಪಿನ ತಡವಿಲ್ಲದೆ ಕೆಲಸ ಮಾಡುವುದಿಲ್ಲ. ನಿಮ್ಮದೇ ಸಮೀಕರಣಕ್ಕೆ ಗುಂಪಿನ ಗಾತ್ರವನ್ನೇ ಎಲ್ಲಕ್ಕೂ 1ಕ್ಕೆ ಇಳಿಸಬೇಕು, ಇಲ್ಲವೇ ಸಿ++ನಲ್ಲಿ ಪ್ಲಗಿನ್ ಬರೆಯಬೇಕಾಗುತ್ತದೆ. ಆದರೆ ಪ್ರಸಿದ್ಧ ಸಮೀಕರಣಗಳು ಸಿದ್ಧವಾಗಿಯೇ ಬರುತ್ತವೆ: ಲಾಜಿಸ್ಟಿಕ್, ಹೆನಾನ್, ಲೊರೆಂಜ್, ಜೊತೆಗೆ ಕ್ಸೆನಾಕಿಸರ ವಿಧಾನದ ಜೆಂಡಿ1, ಜೆಂಡಿ2, ಜೆಂಡಿ3. ನಿಮಗೆ ಬೇಕಾದದ್ದು ಈ ಪಟ್ಟಿಯಲ್ಲಿದ್ದರೆ ಸೂಪರ್‌ಕೊಲೈಡರ್ ಎಲ್ಲಕ್ಕಿಂತ ಸಲೀಸು. ಸೋನಿಕ್ ಪೈ ಈ ಕೆಲಸಕ್ಕೆ ಅಲ್ಲವೇ ಅಲ್ಲ.

ಸಿಸೌಂಡ್‌ನಲ್ಲಿ ಮೊದಲ ದಿನವೇ ಎದುರಾಗುವ ತೊಂದರೆ ಶಬ್ದದ ಮಟ್ಟದ್ದು. ಫೈಲಿನ ತಲೆಯಲ್ಲಿ ಝೀರೋಡಿಬಿಎಫ್‌ಎಸ್ = 1 (0dbfs = 1) ಎಂದು ಬರೆಯದಿದ್ದರೆ ಅದು ಗರಿಷ್ಠ ಮಟ್ಟವನ್ನು 32768 ಎಂದುಕೊಳ್ಳುತ್ತದೆ. ಆಗ 0.5 ಬಲದ ಸ್ವರ ಕೇಳುವುದೇ ಇಲ್ಲ. ತಿರುಗಿಸಿ ನೋಡಿದರೆ ಅಪಾಯ ಹೆಚ್ಚು: ಆ ಸಾಲು ಬರೆದಿದ್ದು, ಹಳೆಯ ಉದಾಹರಣೆಯಿಂದ 10000 ಬಲದ ವಾದ್ಯವನ್ನು ನಕಲು ಮಾಡಿ ಅಂಟಿಸಿದರೆ ಕಿವಿ ಒಡೆಯುವ ಸದ್ದು. ಹೊಸ ಸಮೀಕರಣವನ್ನು ಮೊದಲ ಸಲ ಓಡಿಸುವಾಗ, ಯಾವ ಸಾಫ್ಟ್‌ವೇರ್ ಆದರೂ ಸರಿ, ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ. ಪ್ಯೂರ್ ಡೇಟಾದಲ್ಲಿ ಡಿಎಸಿಗೆ ಮುಂಚೆ ಕ್ಲಿಪ್ ಟಿಲ್ಡೆ ಇರಲಿ. ಸೂಪರ್‌ಕೊಲೈಡರ್‌ನಲ್ಲಿ ಲಿಮಿಟರ್ ಮಾತ್ರ ಸಾಲದು, ಸೊನ್ನೆಯಿಂದ ಭಾಗಿಸಿದಾಗ ಹುಟ್ಟುವ ಅರ್ಥಹೀನ ಬೆಲೆಗಳನ್ನು ತಡೆಯಲು ಅದಕ್ಕಿಂತ ಮೊದಲು ಸ್ಯಾನಿಟೈಸ್ ಹಾಕಿ.

ಎಫ್‌ಎಂ, ಅಂದರೆ ಒಂದು ಅಲೆಯ (ವಾಹಕ) ಆವರ್ತನವನ್ನು ಇನ್ನೊಂದು ಅಲೆಯಿಂದ (ಮಾಡ್ಯುಲೇಟರ್) ಅಲುಗಾಡಿಸಿ ನಾದ ಮಾಡುವವರಿಗೆ ಒಂದು ಲೆಕ್ಕ; ಅಲುಗಾಟದ ಪ್ರಮಾಣವೇ ಇಂಡೆಕ್ಸ್. 2000 ಹರ್ಟ್ಜ್ ವಾಹಕ, 2000 ಹರ್ಟ್ಜ್ ಮಾಡ್ಯುಲೇಟರ್, ಇಂಡೆಕ್ಸ್ 12 ಎಂದರೆ ಪಕ್ಕದ ಪಟ್ಟಿಗಳು ಸುಮಾರು 28000 ಹರ್ಟ್ಜ್‌ವರೆಗೆ ಹರಡುತ್ತವೆ. 44100 ದರದಲ್ಲಿ 22050 ಮೀರಿದ್ದೆಲ್ಲ ಮಡಚಿಕೊಂಡು ಕೆಳಗಿಳಿಯುತ್ತದೆ: 28000 ಇದ್ದದ್ದು 16100 ಆಗಿ ಕೇಳುತ್ತದೆ. ಅನುಪಾತ ಪೂರ್ಣಾಂಕವೇ ಇದ್ದರೂ ನಾದ ಕರ್ಕಶವಾಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನು. ಇಂಡೆಕ್ಸ್ ಇಳಿಸಿ, ಇಲ್ಲವೇ 96000 ದರದಲ್ಲಿ ಓಡಿಸಿ.

ನುಡಿಸುತ್ತಲೇ ಬರೆಯುವವರಿಗೆ

ವೇದಿಕೆಯ ಮೇಲೆ ಕೋಡ್ ಬರೆಯುತ್ತಾ ನುಡಿಸುವವರ ಆಯ್ಕೆ ಸೋನಿಕ್ ಪೈ ಮತ್ತು ಟೈಡಲ್‌ಸೈಕಲ್ಸ್ ನಡುವೆ. ಸೋನಿಕ್ ಪೈಯನ್ನು ಸ್ಯಾಮ್ ಏರನ್ ಕೇಂಬ್ರಿಜ್‌ನಲ್ಲಿ ರಾಸ್ಪ್‌ಬೆರಿ ಪೈ ಬಳಸುವ ಶಾಲೆಗಳಿಗಾಗಿ ಶುರುಮಾಡಿದರು, ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಅಲೆಕ್ಸ್ ಮೆಕ್ಲೀನ್ ಕಟ್ಟಿದ ಟೈಡಲ್ ಲಯದ ಗಣಿತಕ್ಕೇ ಹುಟ್ಟಿದ್ದು. ಆವರ್ತವನ್ನು ತಿರುಗಿಸುವುದು, ಹಿಗ್ಗಿಸುವುದು, ಪ್ರತಿ ನಾಲ್ಕನೇ ಆವರ್ತಕ್ಕೆ ಮಾತ್ರ ಹಿಂದುಮುಂದು ಮಾಡುವುದು ಅಲ್ಲಿ ಒಂದೊಂದು ಪದದ ಕೆಲಸ.

ಎರಡರಲ್ಲೂ ಯೂಕ್ಲಿಡ್ ಲಯ ಸಿದ್ಧವಾಗಿದೆ. ಇಷ್ಟು ಪೆಟ್ಟುಗಳನ್ನು ಇಷ್ಟು ಮಾತ್ರೆಗಳಲ್ಲಿ ಆದಷ್ಟು ಸಮನಾಗಿ ಹಂಚುವ ಲೆಕ್ಕ ಅದು. ಮೂಲತಃ ನ್ಯೂಟ್ರಾನ್ ಯಂತ್ರದ ಮಿಡಿತಗಳನ್ನು ಹಂಚಲು ಬರೆದ ವಿಧಾನವನ್ನು ಗಾಡ್‌ಫ್ರೀಡ್ ಟೂಸಾನ್ 2005ರಲ್ಲಿ ಜಗತ್ತಿನ ಲಯಗಳಿಗೆ ಹೊಂದಿಸಿ ತೋರಿಸಿದರು. 8 ಮಾತ್ರೆಗೆ 3 ಪೆಟ್ಟು ಎಂದರೆ 3+3+2. 7 ಮಾತ್ರೆಗೆ 3 ಪೆಟ್ಟು ಹಾಕಿ, 3+2+2 ಬರುವವರೆಗೆ ತಿರುಗಿಸಿದರೆ ನಮ್ಮ ಮಿಶ್ರ ಛಾಪು. 5ಕ್ಕೆ 2 ಹಾಕಿದರೆ ಖಂಡ ಛಾಪಿನ 2+3. ಇಲ್ಲಿಂದ ಹೊರಟು 7ರ ಸಾಲನ್ನೂ 5ರ ಸಾಲನ್ನೂ ಒಟ್ಟಿಗೆ ಓಡಿಸಿದರೆ 35 ಮಾತ್ರೆಗೊಮ್ಮೆ ಎರಡೂ ಸಮಕ್ಕೆ ಬಂದು ಸೇರುವುದನ್ನು ಕೇಳಬಹುದು. ಮೃದಂಗ ಬಲ್ಲವರಿಗೆ ಟೈಡಲ್ ಬೇಗ ಒಲಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಟೈಡಲ್‌ನ ಕಷ್ಟ ಇನ್‌ಸ್ಟಾಲ್ ಮಾಡುವುದರಲ್ಲಿದೆ. ಹ್ಯಾಸ್ಕೆಲ್, ಸೂಪರ್‌ಕೊಲೈಡರ್, ಅದರೊಳಗೆ ಟೈಡಲ್‌ಗೆ ಸದ್ದು ಕೊಡುವ ಸೂಪರ್‌ಡರ್ಟ್, ಜೊತೆಗೊಂದು ಎಡಿಟರ್, ಇಷ್ಟೂ ಒಂದಕ್ಕೊಂದು ಹೊಂದಬೇಕು. ಸೂಪರ್‌ಡರ್ಟ್ ಮೊದಲು ಶುರುವಾಗದಿದ್ದರೆ ಕೋಡ್ ತಪ್ಪಿಲ್ಲದೆ ಓಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರು ಸ್ಟ್ರೂಡೆಲ್ ತೆರೆಯಲಿ. ಅದೇ ಲಯಭಾಷೆ ಬ್ರೌಸರಿನಲ್ಲೇ ಓಡುತ್ತದೆ, ಇನ್‌ಸ್ಟಾಲ್ ಇಲ್ಲ.

ಸೂಪರ್‌ಕೊಲೈಡರ್‌ನ ನಾದ ಹುಟ್ಟಿಸುವ ಭಾಗವಾದ ಸರ್ವರ್ ಬೂಟ್ ಆಗಲಿಲ್ಲವೆಂದರೆ ಮೈಕ್ ಒಂದು ಸ್ಯಾಂಪಲ್ ದರದಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇರುವುದು ಸಾಮಾನ್ಯ ಕಾರಣ. ಬ್ಲೂಟೂತ್ ಹೆಡ್‌ಸೆಟ್ ಸಿಕ್ಕಿಸಿದಾಗ ಹೀಗಾಗುತ್ತದೆ. ಮೈಕ್ ಬೇಡವಾದರೆ ಆಯ್ಕೆಗಳಲ್ಲಿ ಇನ್‌ಪುಟ್ ಚಾನೆಲ್ ಸಂಖ್ಯೆಯನ್ನು 0 ಮಾಡಿ. ಸ್ವರಗಳು ರಾಶಿ ಬಿದ್ದು ನೋಡ್ (ಸರ್ವರಿನೊಳಗೆ ಓಡುತ್ತಿರುವ ಒಂದೊಂದು ಸ್ವರ) ಹೆಚ್ಚಾಯಿತೆಂಬ ಸಂದೇಶ ಬಂದರೆ ಮಿತಿಯನ್ನು 1024ರಿಂದ ಏರಿಸುವ ಮೊದಲು ನಿಮ್ಮ ಸಿಂತ್‌ನ (ವಾದ್ಯದ) ಎನ್ವಲಪ್‌ಗೆ (ಸ್ವರದ ಬಲದ ಏರಿಳಿತಕ್ಕೆ) ಡನ್‌ಆ್ಯಕ್ಷನ್ 2 ಕೊಟ್ಟಿದ್ದೀರಾ ನೋಡಿ. ಕೊಡದಿದ್ದರೆ ಮುಗಿದ ಸ್ವರವೂ ಮೌನವಾಗಿ ಒಳಗೇ ಉಳಿದಿರುತ್ತದೆ. ತೂಕ ಕೊಟ್ಟು ಆರಿಸುವ ಡಬ್ಲ್ಯುಚೂಸ್‌ನಲ್ಲಿ ತೂಕಗಳ ಮೊತ್ತ 1 ಆಗಲೇಬೇಕು. ಆಗದಿದ್ದರೆ ತಪ್ಪೆಂಬ ಸಂದೇಶ ಬರುವುದಿಲ್ಲ, ಆಯ್ಕೆ ಒಂದು ಕಡೆಗೆ ವಾಲುತ್ತದೆ. ನಾರ್ಮಲೈಸ್‌ಸಮ್ ಸೇರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಉಳಿದ ಎರಡು ಹೆಸರು

ಮ್ಯಾಕ್ಸ್ ಎಂಬ ಸಾಫ್ಟ್‌ವೇರ್‌ಗೆ ಹಣ ಕೊಡಬೇಕು. ಅದೂ ಪ್ಯೂರ್ ಡೇಟಾವೂ ಮಿಲ್ಲರ್ ಪಕೆಟ್ ಅವರ ಕೆಲಸದಿಂದಲೇ ಬಂದವು, ತಂತಿ ಎಳೆಯುವ ಬಗೆ ಒಂದೇ. ಏಬಲ್‌ಟನ್ ಲೈವ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಈಗಾಗಲೇ ಬಳಸುವವರಿಗೆ ಮ್ಯಾಕ್ಸ್ ಕೊಳ್ಳುವುದರಲ್ಲಿ ಅರ್ಥವಿದೆ, ಉಳಿದವರು ಪ್ಯೂರ್ ಡೇಟಾದಲ್ಲಿ ಕಲಿತು ಆಮೇಲೆ ಯೋಚಿಸಲಿ. ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯ ಓಪನ್‌ಮ್ಯೂಸಿಕ್ ಉಚಿತ, ಪಾಶ್ಚಾತ್ಯ ಸ್ವರಲಿಪಿಯಲ್ಲಿ ಯೋಚಿಸುವವರಿಗೆ ಪೈಥಾನ್‌ಗೆ ಬದಲಾಗಿ ಚಿತ್ರರೂಪದ ದಾರಿ. ಸ್ವರಲಿಪಿಯ ಒಡನಾಟ ಇಲ್ಲದಿದ್ದರೆ ಅದರ ಗೊಡವೆ ಬೇಡ.

ರ‍್ಯಾಂಡಮ್ ಮತ್ತು ಸೀಡ್

ಸಂಭವನೀಯತೆ ಬಳಸುವ ಎಲ್ಲರೂ ಆಯ್ಕೆಗೆ ಮುಂಚೆ ಇದನ್ನು ನೋಡಬೇಕು, ಏಕೆಂದರೆ ಒಂದೊಂದರ ನಡತೆ ಒಂದೊಂದು ಥರ. ಸೋನಿಕ್ ಪೈ ಬೇಕೆಂದೇ ಪ್ರತಿ ಸಲ ಅದೇ ರ‍್ಯಾಂಡಮ್ ಸಾಲನ್ನು ಕೊಡುತ್ತದೆ. ಬೇರೆ ಬೇಕೆಂದರೆ ಸೀಡ್, ಅಂದರೆ ಆ ಸಾಲು ಹುಟ್ಟುವ ಆರಂಭದ ಸಂಖ್ಯೆ, ಬದಲಿಸಬೇಕು. ಪ್ಯೂರ್ ಡೇಟಾ ಕೂಡ ಮುಚ್ಚಿ ತೆರೆದಾಗ ಹಳೆಯ ಸಾಲನ್ನೇ ಒಪ್ಪಿಸುತ್ತದೆ. ಗ್ಯಾಲರಿಯಲ್ಲಿ ದಿನವೂ ಶುರುಮಾಡುವ ಕೃತಿಯಾದರೆ ಪ್ರತಿ ಬೆಳಿಗ್ಗೆ ಅದೇ ಸಂಗೀತ. ತೆರೆದ ಕೂಡಲೇ ಗಡಿಯಾರದ ಬೆಲೆಯನ್ನು ಸೀಡ್ ಆಗಿ ಕಳಿಸುವ ವ್ಯವಸ್ಥೆ ಮಾಡಿ. ಪೈಥಾನ್ ಮತ್ತು ಸೂಪರ್‌ಕೊಲೈಡರ್ ಇದಕ್ಕೆ ವಿರುದ್ಧ. ಸೀಡ್ ಕೊಡದಿದ್ದರೆ ಪ್ರತಿ ಸಲ ಹೊಸದು, ನಿನ್ನೆ ರಾತ್ರಿ ಕೇಳಿ ಇಷ್ಟವಾದ ಹಾದಿ ಇವತ್ತು ಮತ್ತೆ ಸಿಗುವುದಿಲ್ಲ. ಕೆಲಸ ಮಾಡುವಾಗ ಸೀಡ್ ಒಂದನ್ನು ಯಾವಾಗಲೂ ಕೊಟ್ಟಿರಿ, ಅದನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.

ಕೃತಿ ಉಳಿಸುವುದು

ಹತ್ತು ವರ್ಷದ ನಂತರ ತೆರೆಯಬೇಕಾದ ಕೃತಿಗೆ ಸಿಸೌಂಡ್ ನಂಬಿಕಸ್ಥ. ದಶಕಗಳ ಹಿಂದಿನ ಫೈಲ್‌ಗಳು ಅಷ್ಟಿಷ್ಟು ತಿದ್ದಿದರೆ ಇವತ್ತೂ ಓಡುತ್ತವೆ. ಪ್ಯೂರ್ ಡೇಟಾ ಫೈಲ್ ಬರೀ ಪಠ್ಯ, ತೆರೆಯುತ್ತದೆ. ಆದರೆ ಹೊರಗಿನವರು ಬರೆದ ಪೆಟ್ಟಿಗೆಗಳನ್ನು ಬಳಸಿದ್ದರೆ ಅವು ಇಲ್ಲದ ಕಂಪ್ಯೂಟರಿನಲ್ಲಿ ಚುಕ್ಕೆಗೆರೆಯ, ಕೆಲಸ ಮಾಡದ ಚೌಕಗಳಾಗಿ ಕಾಣುತ್ತವೆ. ಟೈಡಲ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದು ಹೆಚ್ಚು. ಯಾವುದನ್ನು ಬಳಸಿದರೂ ಆವೃತ್ತಿ ಸಂಖ್ಯೆ, ಲೈಬ್ರರಿಗಳ ಪಟ್ಟಿ, ಸೀಡ್ ಮೂರನ್ನೂ ಫೈಲಿನ ತಲೆಯಲ್ಲಿ ಟಿಪ್ಪಣಿಯಾಗಿ ಬರೆಯಿರಿ, ಪ್ರತಿ ಸಾಲನ್ನೂ ಬೇರೆ ಬೇರೆ ಧ್ವನಿಫೈಲಾಗಿ ತೆಗೆದಿಡಿ. ಸೂಪರ್‌ಕೊಲೈಡರ್ ತಾನಾಗಿ ಎಐಎಫ್‌ಎಫ್ ರೂಪದಲ್ಲಿ 32 ಬಿಟ್ ಫ್ಲೋಟ್‌ಗೆ (ದಶಮಾಂಶಕ್ಕೆ) ರೆಕಾರ್ಡ್ ಮಾಡುತ್ತದೆ. ವೇವ್ ಬೇಕಿದ್ದರೆ ರೂಪ ಬದಲಿಸಿಕೊಳ್ಳಿ, ಫ್ಲೋಟ್ ಅನ್ನು ಮಾತ್ರ ಹಾಗೇ ಬಿಡಿ. ಸಮೀಕರಣ ಎಲ್ಲೋ ಒಂದು ಕಡೆ ಮಟ್ಟ ಮೀರಿ ಜಿಗಿದಿದ್ದರೂ ಫ್ಲೋಟ್ ಫೈಲಿನಲ್ಲಿ ಶಬ್ದ ಇಳಿಸಿದಾಗ ಅಲೆ ಪೂರ್ತಿ ಸಿಗುತ್ತದೆ. 24 ಬಿಟ್ ಪೂರ್ಣಾಂಕಕ್ಕೆ ಬರೆಸಿದ್ದರೆ ಅದರ ತುದಿ ಕತ್ತರಿಸಿ ಹೋಗಿರುತ್ತದೆ.